ಪೆಟ್ಟಿಗೆಯ ಎಲೆ

ಒಗೆದ ದುಪ್ಪಟಿಯ ಒಂದು ತುದಿಯನ್ನು ತಂತಿಗೆ ಸಿಕ್ಕಿಸಿ ರಿಸ್ತಾನಾ ಇನ್ನೊಂದು ತುದಿಗೆ ಕೈ ಹಾಕಿದ್ದಳಷ್ಟೆ, ತೋಟದ ಕಡೆಯಿಂದ ಬಂದ ಮಾವ ನೌಮೆ ಬುಟ್ಟಿಯಲ್ಲಿದ್ದ ಒದ್ದೆ ಬಟ್ಟೆಗಳ ಮೇಲೆ ಸೇಬಿನ ರೆಂಬೆಯೊಂದನ್ನು ಎಸೆದ. ಬಿಳಿಯ ದಿಂಬಿನ ಚೀಲದ ಮೇಲೆ ಎಲೆಗಳು ಅಂಗಾತ ಬಿದ್ದವು. ಒಂದೊಂದರ ಮೇಲೂ ಮಸಿ ಬೆರಳು ಒತ್ತಿದಂಥ ಕಲೆ.

"ತಗೊಳ್ಳಮ್ಮಾ ಇಂಜಿನಿಯರಮ್ಮ, ನಿನ್ನ ಪೆಟ್ಟಿಗೆ ಕಳಿಸಿರೋ ಕಾಗದ. ಓದ್ಕೋ."

ಓದುವುದಕ್ಕೇನೂ ಇರಲಿಲ್ಲ. ಕಜ್ಜಿ ರೋಗ. ರೆಂಬೆಯ ತುದಿಯಲ್ಲಿದ್ದ, ಇನ್ನೂ ನೆಲ್ಲಿಕಾಯಿಯಷ್ಟೇ ಆಗಿದ್ದ ಕಾಯಿಯ ಮೇಲೂ ಎರಡು ಚುಕ್ಕೆ ಎದ್ದಿದ್ದವು.

"ಕೆಳಗಿನ ಸಾಲಲ್ಲಿ ಮಾತ್ರಾನಾ?"

"ಕೆಳಗಿನ ಸಾಲು, ಮೇಲಿನ ಸಾಲು, ಬಾವಿ ಹತ್ರ, ಎಲ್ಲಾ ಕಡೆ. ತ್ರಾಯ್ಚೆ ಬೇಲಿ ಆಚೆ ನಿಂತು ಹಲ್ಲು ಕಿಸೀತಿದ್ದಾನೆ. ಅವನ ತೋಟದಲ್ಲಿ ಒಂದು ಚುಕ್ಕೆ ಇಲ್ಲ."

ತ್ರಾಯ್ಚೆಯ ಹೆಸರು ಕೇಳಿದರೇ ರಿಸ್ತಾನಾಳ ಮೂಗು ಸೊಟ್ಟಗಾಗುತ್ತಿತ್ತು. ಪ್ರೆಸ್ಪಾ ಸರೋವರದ ಈ ದಂಡೆಯಲ್ಲಿ ಅವನ ಟ್ರ್ಯಾಕ್ಟರ್ ಗುಡುಗುಡು ಅಂದರೆ ಸಾಕು, ಇಡೀ ಊರು ಕಾಫಿ ಲೋಟ ಕೆಳಗಿಟ್ಟು ಔಷಧಿ ಕಲಸಲು ಎದ್ದೋಡುತ್ತಿತ್ತು. ಯಾಕೆ ಹೊಡೆಯುತ್ತೇವೆ ಅಂತ ಒಬ್ಬನಿಗೂ ಗೊತ್ತಿಲ್ಲ. ತ್ರಾಯ್ಚೆಗೆ ಗೊತ್ತಿತ್ತು ಅನ್ನುವುದೂ ಅನುಮಾನ. ಆರು ವರ್ಷದ ಹಿಂದೆ ಬಿತೊಲಾ ಪೇಟೆಯಿಂದ ಸೊಸೆಯಾಗಿ ಬಂದಾಗಲೇ ಅವಳು ಇದನ್ನು ನೋಡಿ ನಕ್ಕಿದ್ದಳು. ಕುರಿಗಳಿಗಾದರೂ ಕೊರಳಲ್ಲಿ ಗಂಟೆ ಇರುತ್ತದೆ ಅಂದುಕೊಂಡಿದ್ದಳು.

ಈ ವಸಂತದಲ್ಲಿ ಬೆಳೆಗಾರರ ಸಂಘದವರು ಒಂದು ಬೆಳೆಯ ಮಟ್ಟಿಗೆ ಅಂತ ಹವಾಮಾನದ ಪೆಟ್ಟಿಗೆಯನ್ನು ಕೊಟ್ಟಾಗ, ಗಂಡ ವಾಂಚೊ ಹೂಂ ಅನ್ನುವ ಮೊದಲೇ ಅವಳು ಸಹಿ ಹಾಕಿದ್ದಳು. ತೋಟದ ನಡುವೆ ಒಂದು ಕಂಬ, ತುದಿಯಲ್ಲಿ ಮಳೆ ಅಳೆಯುವ ಬಟ್ಟಲು, ಅದರ ಕೆಳಗೆ ಅಂಗೈಯಗಲದ ತೆಳು ಹಲಗೆ. ಆ ಹಲಗೆಯನ್ನು ಸಂಘದವರು ಎಲೆ ಅಂತಲೇ ಕರೆದರು. ಎಲೆ ಎಷ್ಟು ಹೊತ್ತು ಒದ್ದೆಯಾಗಿರುತ್ತದೆ, ಚಳಿ ಎಷ್ಟಿದೆ ಅಂತ ಲೆಕ್ಕ ಹಾಕಿ, ಕಜ್ಜಿ ಹತ್ತುತ್ತದೋ ಇಲ್ಲವೋ ಅಂತ ಪೆಟ್ಟಿಗೆ ಅವಳ ಫೋನಿಗೆ ತಿಳಿಸುತ್ತಿತ್ತು. ನಾಲ್ಕು ಸಲ ತ್ರಾಯ್ಚೆಯ ಟ್ರ್ಯಾಕ್ಟರ್ ಗುಡುಗಿತು. ನಾಲ್ಕು ಸಲವೂ ಫೋನು ಬೇಡ ಅಂದಿತು. ಟ್ರ್ಯಾಕ್ಟರಿನ ಕೀಲಿಕೈ ಅವಳ ಜೇಬಿನಲ್ಲೇ ಉಳಿಯಿತು. "ಹುಲ್ಲು ಮೊಣಕಾಲುದ್ದ ನೆನೆದಿದೆಯಲ್ಲೇ" ಅಂತ ಮಾವ ಗೊಣಗಿದಾಗ, "ಹುಲ್ಲನ್ನ ನಂಬೋದು ದನಗಳು, ಮಾವ" ಅಂದಿದ್ದಳು.

ಈಗ ಮಾವ ಕೊಟ್ಟಿಗೆಯೊಳಗಿಂದ ಸ್ಪ್ಯಾನರ್ ಹಿಡಿದು ಹೊರಬಂದ.

"ಇವತ್ತೇ ಬಿಚ್ಚಿ ಸಂಘದ ಬಾಗಿಲಿಗೆ ಬಿಸಾಕಿ ಬರ್ತೀನಿ. ಕೀಲಿಕೈ ಇತ್ಲಾಗೆ ಕೊಡು. ಇನ್ಮೇಲೆ ಈ ತೋಟದಲ್ಲಿ ನಿನ್ನ ಮಾತು ನಡೆಯಲ್ಲ."

ಅವಳು ಕೊಡಲಿಲ್ಲ. ದುಪ್ಪಟಿಯನ್ನು ಅರ್ಧಕ್ಕೇ ಬಿಟ್ಟು ಅವನ ಹಿಂದೆಯೇ ನಡೆದಳು. ಐದು ವರ್ಷದ ನೇವೆನಾ ತಾಯಿಯ ಲಂಗ ಹಿಡಿದು ಜೊತೆಗೆ ಓಡಿದಳು.

"ಅಮ್ಮಾ, ಪೆಟ್ಟಿಗೇನ..."

"ಸುಮ್ನಿರು ಪುಟ್ಟಿ. ಮಾವ, ಇಲ್ನೋಡಿ, ಫೋನ್ ನೋಡಿ. ಮೇ ಮೂರು. ಮಳೆ ಬಂದಿದೆ, ಹೌದು. ಆದ್ರೆ ಎಲೆ ಒದ್ದೆ ಇದ್ದಿದ್ದು ಎರಡೇ ಗಂಟೆ. ಎರಡು ಗಂಟೇಲಿ ಕಜ್ಜಿ ಹತ್ತಲ್ಲ."

"ಹತ್ತಿದೆಯಲ್ಲಾ!"

"ಹತ್ತಿದ್ರೆ ಅದು ನಿಮ್ಮ ಕೈಗುಣ. ಪೆಟ್ಟಿಗೆ ಬರೋ ಮೊದಲು ಹೊಡೆದ ಔಷಧಿಗೆ, ನಿಮ್ಮ ರಾಕಿಯಾ ಸಾರಾಯಿಗೆ ಬೆರೆಸೋ ಹಾಗೆ ನೀರು ಬೆರೆಸಿರ್ತೀರಿ."

"ನನ್ನ ರಾಕಿಯಾಗೆ ನೀರು?" ಮಾವ ನಿಂತೇಬಿಟ್ಟ. ಕಜ್ಜಿಗಿಂತ ಈ ಮಾತೇ ಅವನಿಗೆ ಜೋರಾಗಿ ನಾಟಿತ್ತು. "ಥೂ! ನಲವತ್ತು ವರ್ಷ ಈ ತೋಟ ಸಾಕಿದೀನಿ ಕಣೇ ನಾನು. ನಿನ್ನಂಥ ಹಲಗೆ ಓದೋರು ಯಾರೂ ಇರ್ಲಿಲ್ಲ ಆಗ."

ಬೇಲಿಯಾಚೆಯಿಂದ ತ್ರಾಯ್ಚೆ ಕೂಗಿದ: "ನೌಮೆ, ನಾಳೆ ಬಿಸಿಲಾ ಮಳೇನಾ, ಸೊಸೇನ ಕೇಳಿ ಹೇಳಪ್ಪಾ! ನನ್ನ ಹೆಂಡ್ತಿ ಬಟ್ಟೆ ಒಗೀಬೇಕಂತೆ!"

ರಿಸ್ತಾನಾಳ ಕಿವಿ ಬಿಸಿಯಾಯಿತು. ಕೆಳಗಿನ ಸಾಲಿನ ಎಲೆಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಳು. ಎಲ್ಲದರ ಮೇಲೂ ಅದೇ ಮಸಿ. ಫೋನು ಸುಳ್ಳು ಹೇಳುವಂತಿಲ್ಲ, ಮರದ ಎಲೆಯೂ ಸುಳ್ಳು ಹೇಳುತ್ತಿಲ್ಲ.

ಅಷ್ಟರಲ್ಲಿ ಅತ್ತೆ ದೋನ್ಕಾ ಕೋಳಿಗಳಿಗೆ ಕಾಳು ಹಾಕಿದ ಬಕೆಟ್ ಹಿಡಿದುಕೊಂಡೇ ಬಂದಳು. ಈ ಮುದುಕಿಯ ಬಗ್ಗೆ ರಿಸ್ತಾನಾ ಬಿತೊಲಾದ ಗೆಳತಿಯರಿಗೆ ಎಷ್ಟೋ ಸಲ ಹೇಳಿ ನಕ್ಕಿದ್ದಳು. ಮದುವೆಯಲ್ಲಿ ಬಂದ ಸೋಫಾಗೆ ಈಗಲೂ ಪ್ಲಾಸ್ಟಿಕ್ ಹೊದಿಕೆ, ಕೂತರೆ ತೊಡೆ ಅಂಟಿಕೊಳ್ಳುತ್ತದೆ. ಟಿವಿಯ ರಿಮೋಟಿಗೆ ಪ್ಲಾಸ್ಟಿಕ್. ಒಳ್ಳೆಯ ಮೇಜುಬಟ್ಟೆಯ ಮೇಲೂ ಪ್ಲಾಸ್ಟಿಕ್. ಬದುಕಿಡೀ ಏನನ್ನೂ ಮುಟ್ಟದೆ, ಎಲ್ಲವನ್ನೂ ಧೂಳಿನಿಂದ ಕಾಪಾಡಿಕೊಂಡೇ ಬಂದವಳು.

"ನಿಧಾನ ರೀ," ಅಂದಳು ದೋನ್ಕಾ ಗಂಡನಿಗೆ. "ಬೀಳಿಸಿದ್ರೆ ಆ ಎಲೆ ಒಡೆದುಹೋಗುತ್ತೆ. ನಾಜೂಕಾಗಿದೆ ಅದು."

"ಅತ್ತೆ, ನೀವು ಸುಮ್ನಿರಿ. ಇದು ನಿಮಗೆ ಅರ್ಥ ಆಗೋ ವಿಷಯ ಅಲ್ಲ."

ಕಂಬ ನೆಟ್ಟ ದಿನವೂ ಇದನ್ನೇ ಹೇಳಿದ್ದಳು. ಅದು ಏನು ಮಾಡುತ್ತದೆ ಮಗಳೇ ಅಂತ ಅತ್ತೆ ಅವತ್ತು ಎರಡು ಸಲ ಕೇಳಿದ್ದಳು. "ನಿಮ್ಮ ಸೋಫಾಗಿಂತ ದುಬಾರಿ, ಅಷ್ಟು ಗೊತ್ತಿದ್ರೆ ಸಾಕು. ಆ ಎಲೆಗೆ ಏನಾದ್ರೂ ಆಯ್ತೋ, ನಾನು ಸುಮ್ನಿರಲ್ಲ," ಅಂದಿದ್ದಳು ರಿಸ್ತಾನಾ. ದೋನ್ಕಾ ತಲೆಯಾಡಿಸಿ ಒಳಗೆ ಹೋಗಿದ್ದಳು. ಮತ್ತೆ ಕೇಳಿರಲಿಲ್ಲ.

ನೌಮೆ ಸ್ಪ್ಯಾನರನ್ನು ಮೊದಲ ಬೋಲ್ಟಿಗೆ ಕಚ್ಚಿಸಿದ. ಬೋಲ್ಟು ಕಿರ್ರೆಂದಿತು.

ನೇವೆನಾ ತಾಯಿಯ ಲಂಗ ಬಿಟ್ಟು ಅಜ್ಜಿಯ ಹತ್ತಿರ ಹೋದಳು. ಇಷ್ಟು ಹೊತ್ತು ನುಂಗಿಕೊಂಡದ್ದು ಅವಳ ಮುಖದ ಮೇಲೆಲ್ಲ ಕಾಣುತ್ತಿತ್ತು. ಅಜ್ಜಿಯ ಏಪ್ರನ್ನಿನ ಜೇಬಿಗೆ ಕೈ ಹಾಕಿ, ಅಲ್ಲಿಂದ ಇಣುಕುತ್ತಿದ್ದುದನ್ನು ಹೊರಗೆಳೆದಳು. ನಾಲ್ಕು ಮಡಿಕೆಯಾಗಿ ಮಡಿಸಿದ ಪ್ಲಾಸ್ಟಿಕ್ ಚೀಲ, ಬಾಯಿಗೆ ಪೋಣಿಸಿದ ಕೆಂಪು ದಾರ, ಮಡಿಕೆಯೊಳಗೆ ಇನ್ನೂ ಆರದ ನಾಲ್ಕೈದು ಹನಿ.

"ಅಜ್ಜಿ," ಅಂದಳು, ಎಲ್ಲರಿಗೂ ಕೇಳುವಷ್ಟು ಜೋರಾಗಿ, "ತಾತ ಇದನ್ನ ಬಿಚ್ಕೊಂಡು ಹೋದ್ರೆ, ಸಂಜೆ ಮೋಡ ಬಂದಾಗ ನಾವು ಎಲೆಗೆ ಕಟ್ಟೋ ಚೀಲ ಇನ್ನು ಯಾವುದಕ್ಕೆ ಕಟ್ಟೋದು?"