ಕಲ್ಲಿನ ಹಿಂದಿನ ಜೇನು

ಬಾದಾಮಿಯ ಗೈಡ್ ನಾಗಲಿಂಗನಿಗೆ ಐವತ್ತೆಂಟನೆಯ ವಯಸ್ಸಿನಲ್ಲಿ, ಜೀವನದಲ್ಲಿ ಮೊದಲ ಸಲ, ಇನ್ನೊಬ್ಬ ಗೈಡಿನ ಬೆನ್ನು ನೋಡುತ್ತ ನಡೆಯುವ ಪ್ರಸಂಗ ಬಂತು. ಆ ಬೆನ್ನು ಅವನಿಗೆ ಒಂದಿಷ್ಟೂ ಸೇರಲಿಲ್ಲ.

ಬೆನ್ನಿನ ಯಜಮಾನ ಚೈನಸಿಂಗ್. ಉತ್ತರಾಖಂಡದ ಗುಡ್ಡದೂರಿನವನು, ವಯಸ್ಸಿನಲ್ಲಿ ನಾಗಲಿಂಗನ ಆಸುಪಾಸು. ಉಸಿರಾಡುವುದೇ ಒಂದು ಉದ್ಯೋಗವಾಗಿಬಿಡುವ ಎತ್ತರದಲ್ಲಿ ಆತ ಬೀಡಿ ಸೇದಿಕೊಂಡು, ಹಿತ್ತಲಿಗೆ ಹೊರಟವರ ಹಾಗೆ ಹತ್ತುತ್ತಿದ್ದ. ಅವನ ಹಿಂದೆ ಬಾಗಲಕೋಟಿ ಜಿಲ್ಲೆಯ ಮೂವರು: ನಾಗಲಿಂಗ, ನವನಗರದ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಅವನ ಮಗಳು ಪದ್ಮಶ್ರೀ, ಅವಳ ಸೋದರಮಾವ ರಾಚಪ್ಪ. ರಾಚಪ್ಪ ಗುಳೇದಗುಡ್ಡದಲ್ಲಿ ಮಗ್ಗ ಇಟ್ಟು ಕುಪ್ಪಸದ ಖಣ ನೇಯುವವನು. ಕುಂತು ಮಾಡುವ ಕೆಲಸದವನಾದ್ದರಿಂದ ಕಾಲಿನ ಕೊರತೆಯನ್ನು ಬಾಯಿಂದ ತುಂಬುತ್ತಿದ್ದ.

"ಮಾವಾ, ಕೇಳ ಇಂವನ್ನ, ಇನ್ನ ಎಷ್ಟ ದೂರ ಅಂತ," ಎಂದ ರಾಚಪ್ಪ, ಅಕ್ಕನ ಗಂಡನಿಗೆ.

ನಾಗಲಿಂಗ ತನ್ನ ಗೈಡ್-ಹಿಂದಿಯಲ್ಲಿ ಕೇಳಿದ. ಚೈನಸಿಂಗ್ ತಿರುಗದೆಯೇ ಹೇಳಿದ: "ಹತ್ತು ನಿಮಿಷ."

ನಾಗಲಿಂಗ ಮೂಗಿನಲ್ಲೇ ನಕ್ಕ. ಈ ಹತ್ತು ನಿಮಿಷ ಅವನ ಹಳೆಯ ಪರಿಚಯ. ಬಾದಾಮಿಯಲ್ಲಿ ಅದರ ಹೆಸರು 'ಇನ್ನ ಹತ್ತ ಮೆಟ್ಲರಿ'. ಅಲ್ಲಿ ಉಳಿದಿರುತ್ತಿದ್ದುದು ಅರವತ್ತು. ದಣಿದವರಿಗೆ ಖರೇ ಲೆಕ್ಕ ಹೇಳಿದರೆ ಅವರು ಅಲ್ಲೇ ಕುಂತುಬಿಡುತ್ತಾರೆ. ಇದು ಸುಳ್ಳಲ್ಲ, ಉಪಚಾರ ಎಂಬುದು ಇಪ್ಪತ್ತಾರು ವರ್ಷದ ಅನುಭವದಿಂದ ಅವನು ಕಂಡುಕೊಂಡ ಸಿದ್ಧಾಂತ.

"ನಲವತ್ತ ನಿಮಿಷ ಹಿಡೀತೈತಿ," ಎಂದು ಕನ್ನಡದಲ್ಲಿ ತಿದ್ದಿದ.

"ಅಪ್ಪಾ, ಇಲ್ಲಿ ನೀ ಪ್ರವಾಸಿ. ಸುಮ್ನ ನಡಿ," ಎಂದಳು ಪದ್ಮಶ್ರೀ.

ಮೂರು ದಿನದಿಂದ ಇದೇ ನಡೆದಿತ್ತು. ಚೈನಸಿಂಗ್ ದೇವದಾರು ಮರ ತೋರಿಸಿ ಸಾವಿರ ವರ್ಷದ್ದು ಎಂದರೆ ನಾಗಲಿಂಗ ರಾಚಪ್ಪನ ಕಿವಿಯಲ್ಲಿ "ಮುನ್ನೂರು" ಎನ್ನುವನು. ಹೆಜ್ಜೆ ಗುರುತು ತೋರಿಸಿ ಕರಡಿಯದು ಎಂದರೆ "ನಾಯಿ" ಎನ್ನುವನು. ತಾನು ಹಿಡಿಯಬಲ್ಲ ಸುಳ್ಳೆಲ್ಲ ತಾನು ಹೇಳಬಲ್ಲ ಸುಳ್ಳೇ ಎಂಬುದು ಅವನಿಗೆ ಹೊಳೆದಿರಲಿಲ್ಲ.

ಈ ಹತ್ತುವ ಹುಚ್ಚು ಪದ್ಮಶ್ರೀಯದು. ಹುಚ್ಚಿನ ಮೂಲ ಅವಳ ತಾಯಿ, ಶಿವಬಸವ್ವ. ಬಾದಾಮಿಯ ಕೆಂಪು ಬಂಡೆಯ ಬುಡದ ಓಣಿಯಲ್ಲಿ ಮೂವತ್ತು ವರ್ಷ ರೊಟ್ಟಿ ಬಡಿದ ಶಿವಬಸವ್ವ ಆ ಬಂಡೆಯ ನೆತ್ತಿಯ ಮೇಲಿನ ಶಿವಾಲಯವನ್ನು ಒಮ್ಮೆಯೂ ನೋಡಲಿಲ್ಲ. "ಇಡೀ ದೇಶಕ್ಕ ತೋರಸ್ತೀರಿ, ನನಗೊಂದ ದಿನಾ ತೋರಸ್ರಿ," ಎಂದು ನಗುತ್ತಲೇ ಗಂಡನಿಗೆ ಅನ್ನುತ್ತಿದ್ದಳಂತೆ. ಒಂದು ದಿನ ಬುತ್ತಿ ಕಟ್ಟಿಕೊಂಡು ಬಂದೇಬಿಟ್ಟಳು. ಅವತ್ತೇ ಮೇಲೆ ಜೇನು ಎದ್ದಿದ್ದವು. ಅರ್ಧದಿಂದ ಹೊರಳಿ ಬಂದಳು. ಆಮೇಲೆ ಸಕ್ಕರೆ ರೋಗ, ದವಾಖಾನಿ, ಡಯಾಲಿಸಿಸ್. ಮೂರು ವರ್ಷದ ಹಿಂದೆ ಮಣ್ಣಾದಳು.

ಅವ್ವನ ಜೇನು ಎಂಬುದು ಮನೆಯ ಚೇಷ್ಟೆಯ ಮಾತಾಗಿತ್ತು. ಬಸ್ಸು ತಪ್ಪಿದರೆ, ಕರೆಂಟು ಹೋದರೆ, "ಅವ್ವನ ಜೇನ ಎದ್ದಾವ ನೋಡು" ಎನ್ನುತ್ತಿದ್ದರು. ನಾಗಲಿಂಗ ಆ ಕಥೆಯನ್ನು ವರ್ಷ ವರ್ಷ ಬೆಳೆಸಿದ್ದ. ಮೊದಲು ಬರೇ ಜೇನು. ಆಮೇಲೆ ಆಕಾಶ ಕಪ್ಪಾಗುವಷ್ಟು ಜೇನು. ಕಡೆಕಡೆಗೆ ಒಂದು ಜೇನು ಶಿವಬಸವ್ವನ ಸೆರಗಿನ ಮೇಲೆಯೇ ಕುಂತಿತ್ತು, ತಾನು ಟೊಪಗಿಯಿಂದ ಹೊಡೆದು ಓಡಿಸಿದ್ದ. ಪದ್ಮಶ್ರೀ ಅದನ್ನೇ ತಾಯಿಯ ವರ್ಷಾಂತಿಕದ ದಿನ ಬಂಧುಬಳಗಕ್ಕೆ ಹೇಳಿ ಎಲ್ಲರನ್ನೂ ನಗಿಸಿ, ಅಳಿಸಿದ್ದಳು. ಅಲ್ಲಿಂದಲೇ ಶುರು: ರಜೆ ಬಂದರೆ ಒಂದು ಗುಡ್ಡ. "ಜೇನು ಇರದಷ್ಟ ಮ್ಯಾಲ ಹೋಗಿ ನಿಂತು, ಅವ್ವಾ ಇಲ್ಲಿ ಒಂದೂ ಇಲ್ಲ ಬಾ, ಅಂತ ಕರೀತೇನಿ," ಎನ್ನುವಳು. ಚೀಲದಲ್ಲಿ ತಾಯಿಯ ಒಂದು ಖಣದ ಕುಪ್ಪಸ ಇತ್ತು, ರಾಚಪ್ಪನೇ ನೇಯ್ದ ಬಟ್ಟೆ. ಹಿಮದ ಮೇಲೆ ಹಾಸಿ ಫೋಟೋ ತೆಗೆಯುವುದಿತ್ತು.

ನಸುಕಿನಲ್ಲಿ ಬಿಟ್ಟವರು ಒಂಬತ್ತಕ್ಕೆ ಕಡೆಯ ದಿಬ್ಬದ ಬುಡಕ್ಕೆ ಬಂದರು. ಶಿಖರ ಎದುರಿಗೇ ಇತ್ತು, ಬಾದಾಮಿ ಸ್ಟೇಷನ್ನಿನಿಂದ ಬಂಡೆ ಕಂಡ ಹಾಗೆ. ಆಕಾಶ ತೊಳೆದಿಟ್ಟ ಪರಾತದ ತಟ್ಟೆಯಂತಿತ್ತು. ಪುಣೆಯ ಏಳೆಂಟು ಮಂದಿಯ ಇನ್ನೊಂದು ತಂಡ ಅವರನ್ನು ದಾಟಿ, ಸೀಟಿ ಹೊಡೆಯುತ್ತ ಮೇಲೆ ಹೋಯಿತು.

ಚೈನಸಿಂಗ್ ನಿಂತ. ಬಡಗಣಕ್ಕೆ ಒಂದಿಷ್ಟು ಹೊತ್ತು ನೋಡಿದ. ಬೀಡಿಯನ್ನು ಹಿಮದಲ್ಲಿ ಒತ್ತಿ, "ವಾಪಸ್ ಹೋಗೋಣ, ಮೇಡಂ," ಎಂದ. "ಮೋಡ ಬರುತ್ತಿದೆ."

"ಮೋಡ? ಎಲ್ಲಿ? ಒಂದೂ ಕಾಣ್ತಾ ಇಲ್ಲ," ಎಂದಳು ಪದ್ಮಶ್ರೀ.

"ದಿಬ್ಬದ ಹಿಂದೆ ಇದೆ."

ನಾಗಲಿಂಗ ಒಮ್ಮೆಲೇ ಎಚ್ಚೆತ್ತ. ಮಾತು ಕೇಳಿಯಲ್ಲ, ಕೈ ನೋಡಿ. ಚೈನಸಿಂಗನ ಬಲಗೈ, ಯಜಮಾನನಿಗೆ ಗೊತ್ತಿಲ್ಲದೆಯೇ, ಬಲ ಮೊಣಕಾಲನ್ನು ಹಿಟ್ಟು ನಾದಿದ ಹಾಗೆ ನಾದುತ್ತಿತ್ತು. ಆ ಕೈ ನಾಗಲಿಂಗನದೇ ಆಗಿರಬಹುದಿತ್ತು.

ಪದ್ಮಶ್ರೀ ಶಿಖರ ನೋಡಿದಳು, ಗಡಿಯಾರ ನೋಡಿದಳು. ಒಂದು ತಾಸಿನ ಹಾದಿ. ಚೀಲದ ಪಟ್ಟಿಯನ್ನು ಸುಮ್ಮನೆ ಬಿಗಿ ಮಾಡಿ ಸಡಿಲಿಸಿದಳು. "ಅವ್ವನ ಜೇನು," ಎಂದು ನಗಲು ಹೋದಳು, ನಗು ಬರಲಿಲ್ಲ. ಮೂವತ್ತೊಂದು ವರ್ಷದ ಮಗಳ ಗದ್ದ ಐದು ವರ್ಷದವಳ ಗದ್ದದ ಹಾಗೆ ನಡುಗಿದ್ದನ್ನು ನಾಗಲಿಂಗನಿಗೆ ಸಹಿಸಲಾಗಲಿಲ್ಲ.

"ಪದ್ದೂ, ಇಂವ ಸುಳ್ಳ ಹೇಳಾಕತ್ಯಾನ."

"ಅಪ್ಪಾ!"

"ಮೋಡಾ ಇಲ್ಲ ಏನೂ ಇಲ್ಲ. ಇಂವಗ ಮೊಣಕಾಲ ಹಿಡದೈತಿ. ಹತ್ತಾಕ ಆಗವಲ್ದು," ಎಂದು ಚೈನಸಿಂಗನ ಕಾಲಿಗೆ ಬೆರಳು ಮಾಡಿದ.

"ಮೂವತ್ತ ವರ್ಷ ಈ ಗುಡ್ಡ ಹತ್ಯಾರ ಅವರು. ನಿನಗ ಹೆಂಗ ಗೊತ್ತು?"

"ಗೊತ್ತೈತಿ."

"ಗೊತ್ತೈತಿ ಅಂದ್ರ ಆಗೂದಿಲ್ಲ. ಹೆಂಗ ಗೊತ್ತು, ಹೇಳು." ಹತ್ತನೇ ಕ್ಲಾಸಿನ ಹುಡುಗರು ಬರೀ ಉತ್ತರ ಬರೆದು ಲೆಕ್ಕ ಬಿಟ್ಟರೆ ಅವಳು ಕೇಳುವ ದನಿ ಅದು.

ನಾಗಲಿಂಗನ ತಲೆಯಲ್ಲಿ ಮಗಳಿಗೆ ಶಿಖರ ಕೊಡಿಸುವುದು ಬಿಟ್ಟು ಬೇರೆ ಏನೂ ಇರಲಿಲ್ಲ. ಒಳ್ಳೆಯ ಗೈಡಿನ ಹಾಗೆ, ಕೇಳಿದ್ದಕ್ಕೆ ವಿವರವಾಗಿ ಹೇಳಿದ.

"ಯಾಕಂದ್ರ ನಾನೂ ಹಿಂಗ ಮಾಡ್ತೇನಿ. ಮೊಣಕಾಲ ಹಿಡದ ದಿನಾ ಯಾರರ ಮ್ಯಾಲ ಹೋಗೂಣು ಅಂದ್ರ, ಜೇನ ಎದ್ದಾವರಿ ಅಂತೇನಿ. ಬೆಂಗಳೂರಾವ್ರಿದ್ರ 'ಜೇನುಹುಳುಗಳ ಕಾಟವಿದೆ ಸಾರ್, ಅಪಾಯ' ಅಂತೇನಿ. ಒಂದೂ ಕಾಣವಲ್ವಲ್ಲ ಅಂತಾರ. ಕಲ್ಲಿನ ಹಿಂದ ಅದಾವ ಅಂತೇನಿ. ಮುಗೀತು! ಇಪ್ಪತ್ತಾರ ವರ್ಷದಾಗ ಒಬ್ಬರೂ ಕಲ್ಲಿನ ಹಿಂದ ಹೋಗಿ ನೋಡಿಲ್ಲ. ಇಂವನ ದಿಬ್ಬ, ನನ್ನ ಕಲ್ಲು. ಎರಡೂ ಒಂದ. ನಡೀ ನೀ, ಹತ್ತೂಣು."

ರಾಚಪ್ಪ ಮೊಣಕಾಲಿಗೆ ಕೈ ಊರಿ ಹೋ ಎಂದು ನಕ್ಕ. "ಎಲಾ ಮಾವಾ! ಇಡೀ ಭಾರತಕ್ಕ ಟೊಪಗಿ ಹಾಕೀಯಲ್ಲೋ! ನಾ ತಿಳದಿದ್ದೆ ಬಾದಾಮಿಯಾಗ ಜೇನಿನ ಸಾಕಾಣಿಕಿ ಐತಿ ಅಂತ. ಮಂದಿಗೆ ಜೇನು, ನಮ್ಮಕ್ಕಗೂ—"

ಅಲ್ಲಿಗೆ ರಾಚಪ್ಪನ ಬಾಯಿ ತೆರೆದೇ ಉಳಿಯಿತು, ಮಾತು ನಿಂತಿತು. ಮೂರು ದಿನದಲ್ಲಿ ಮೊದಲ ಸಲ ಆತ ಸುಮ್ಮನಾಗಿದ್ದ. ಆಗ ನಾಗಲಿಂಗ ತಾನು ಏನು ಹೇಳಿದೆನೆಂಬುದನ್ನು ಪೂರ್ತಿ ಕೇಳಿಸಿಕೊಂಡ.

ಪದ್ಮಶ್ರೀ ತಂದೆಯನ್ನು ನೋಡಲಿಲ್ಲ. ಚೀಲವನ್ನು ಬೆನ್ನಿಗೇರಿಸಿ ಚೈನಸಿಂಗನ ಕಡೆ ತಿರುಗಿದಳು. "ಚಲಿಯೇ. ನೀಚೇ."

"ಇಳಿಯೂದ್ಯಾಕ? ಮೋಡ ಇಲ್ಲಂತ ನಾ ಹೇಳಾಕತ್ತೇನಲ್ಲ!"

"ಮೋಡ ಇರಲಿ, ಬಿಡಲಿ. ನನಗ ಸಾಕಾತು."

ಇಳಿಯುವಾಗ ನಾಗಲಿಂಗ ಎಲ್ಲರಿಗಿಂತ ಹಿಂದೆ ಉಳಿದ. ಅವನ ಕಣ್ಣಿಗೆ ಹಿಮ ಕಾಣುತ್ತಿರಲಿಲ್ಲ. ಎಂಟು ವರ್ಷದ ಹಿಂದಿನ ಒಂದು ಮಧ್ಯಾಹ್ನ ಕಾಣುತ್ತಿತ್ತು. ಬೆಳಗಿನಿಂದ ಮೂರು ತಂಡ ಹತ್ತಿಸಿ ಇಳಿಸಿದ್ದ. ಬಲಗಾಲು ಬೆಂಕಿಯಾಗಿತ್ತು. ಅಷ್ಟರಲ್ಲಿ ಶಿವಬಸವ್ವ ಬಂದಳು, ಮಗಳ ಹಳೆಯ ಬೂಟು ಹಾಕಿಕೊಂಡು. ಇಳಕಲ್ಲ ಸೀರೆಯ ಕೆಳಗೆ ಆ ಬಿಳಿ ಬೂಟು ನೋಡಿ ಅವನಿಗೆ ನಗು ಬಂದಿತ್ತು. ನೂರು ಮೆಟ್ಟಿಲು ಹತ್ತಿದರು. ಕಾಲು ಮುಂದೆ ಬರಲಿಲ್ಲ. ಕಾಲು ನೋಯುತ್ತದೆ ಎಂದು ಹೆಂಡತಿಗೆ ಹೇಳಬಹುದಿತ್ತು. ಅವಳು ಅಲ್ಲೇ ಕೂಡಿಸಿ ಒತ್ತಿಕೊಡುತ್ತಿದ್ದಳು. ಆದರೆ ಬಾಯಿಗೆ ರೂಢಿಯಾದದ್ದು ಬೇರೆಯೇ ಇತ್ತು. "ಜೇನ ಎದ್ದಾವ," ಎಂದಿದ್ದ.

ಶಿವಬಸವ್ವ ಹಣೆಗೆ ಅಂಗೈ ಹಿಡಿದು ಬಹಳ ಹೊತ್ತು ಮೇಲೆ ನೋಡಿದ್ದಳು. "ಒಂದೂ ಕಾಣವಲ್ವಲ್ರಿ."

"ಕಲ್ಲಿನ ಹಿಂದ ಅದಾವ."

"ಹೌದಾ? ಪಾಪ, ಅವೂ ಎಲ್ಲಿ ಹೋಗಬೇಕು. ಇನ್ನೊಮ್ಮಿ ಬರೂಣು ತಗೋರಿ," ಎಂದು ಬುತ್ತಿ ಬಿಚ್ಚಿದ್ದಳು.

ಹನ್ನೊಂದಕ್ಕೆ ಕ್ಯಾಂಪು ತಲುಪಿದರು. ಆಕಾಶ ನೀಲಿ. ಹನ್ನೆರಡಕ್ಕೆ ನೀಲಿ. ನಾಗಲಿಂಗ ಡೇರೆಯ ಮುಂದೆ ಬಡಗಣಕ್ಕೆ ಮುಖ ಮಾಡಿ ಕುಂತ. ಜಾಕೆಟ್ಟಿನ ಮೇಲಿಂದಲೇ ಕೊರಳಿನ ಲಿಂಗದ ಕರಡಿಗೆಯನ್ನು ಹಿಡಿದುಕೊಂಡಿದ್ದ. ಲಿಂಗಪೂಜೆಯಲ್ಲಿ ಏನನ್ನೂ ಬೇಡಬಾರದೆಂದು ತಾಯಿ ಕಲಿಸಿದ್ದಳು, ಇವತ್ತು ಬೇಡಿದ. ಒಂದು ಮೋಡ, ಅಂಗೈ ಅಗಲದ್ದಾದರೂ ಸಾಕು. ಬಿರುಗಾಳಿ ಬಂದರಂತೂ ಚೈನಸಿಂಗ್ ಖರೇ ಮನುಷ್ಯನಾಗುತ್ತಿದ್ದ. ಗೈಡುಗಳು ಒಮ್ಮೊಮ್ಮೆ ಖರೇನೂ ಹೇಳುತ್ತಾರೆ ಎಂದಾಗುತ್ತಿತ್ತು. ಆಗ ಆ ಎಂಟು ವರ್ಷದ ಹಿಂದಿನ ಬಂಡೆಯ ಮೇಲೆಯೂ ನಾಲ್ಕು ಜೇನು ಹಾರಾಡಲು ಜಾಗ ಸಿಗುತ್ತಿತ್ತು. ಒಂದಕ್ಕೆ ನೀಲಿ. ಜೀವಮಾನದಲ್ಲಿ ನಾಗಲಿಂಗನ ಹವಾಮಾನದ ಲೆಕ್ಕ ಇಷ್ಟು ಸರಿ ಬಂದದ್ದಿಲ್ಲ.

ಚೈನಸಿಂಗ್ ಪಕ್ಕದಲ್ಲಿ ಬಂದು ಕುಂತು, ಪ್ಯಾಂಟು ಮಡಿಸಿ ಮೊಣಕಾಲು ಬಿಸಿಲಿಗೆ ಹಿಡಿದ. ನಾಗಲಿಂಗ ಕಿಸೆಯಿಂದ ನೋವಿನ ಮುಲಾಮಿನ ಡಬ್ಬಿ ತೆಗೆದು ಮುಂದೆ ಚಾಚಿದ. ಅದು ಅವನ ಕಿಸೆಯಲ್ಲಿ ಯಾವಾಗಲೂ ಇರುವಂಥದ್ದೇ.

"ನೀವೂ ಗೈಡು," ಎಂದ ಚೈನಸಿಂಗ್, ಹಿಂದಿಯಲ್ಲಿ. "ಮಾತು ತಿಳಿಯಲಿಲ್ಲ. ಬೆರಳು ಮಾಡಿ ಕಾಲು ತೋರಿಸಿದಿರಲ್ಲ, ಅದು ತಿಳಿಯಿತು."

"ಮೋಡ ಇರಲಿಲ್ಲ," ಎಂದ ನಾಗಲಿಂಗ.

"ಕಾಲು ನೋಯುವ ದಿನ ಮೋಡ ಬರಬಾರದೆಂದು ಕಾನೂನಿಲ್ಲ, ಭಾಯಿಸಾಬ್." ಚೈನಸಿಂಗ್ ನಿಧಾನವಾಗಿ ಮುಲಾಮು ತಿಕ್ಕಿದ. "ಇವತ್ತು ಬರಲಿಲ್ಲ, ಅಷ್ಟೇ. ನಿಮ್ಮಲ್ಲಿ ಏನು ಹೇಳುತ್ತೀರಿ?"

"ಜೇನು."

ಚೈನಸಿಂಗ್ ಅದನ್ನು ತೂಗಿ ನೋಡಿದ. "ಚೆನ್ನಾಗಿದೆ," ಎಂದ, ಮನಸಾರೆ.

ಎರಡೂವರೆಗೆ ಪುಣೆಯವರು ಹಾಡು ಹೇಳುತ್ತ ಇಳಿದು ಬಂದರು. ಶಿಖರದ ಮೇಲೆ ಗಾಳಿಯೂ ಇರಲಿಲ್ಲವಂತೆ. ಫೋಟೋ ತೋರಿಸಲು ಒಬ್ಬಾಕೆ ಪದ್ಮಶ್ರೀಯ ಬಳಿ ಬಂದಳು; ಪದ್ಮಶ್ರೀ ಒಂದೊಂದನ್ನೂ ನೋಡಿ, ಚಂದ ಬಂದಿವೆ ಎಂದಳು. ರಾಚಪ್ಪ ಅಡುಗೆ ಡೇರೆಯಿಂದ ಹೊರಗೇ ಬರಲಿಲ್ಲ.

ಆಮೇಲೆ ಪದ್ಮಶ್ರೀ ಎರಡು ಲೋಟ ಚಹಾ ಹಿಡಿದು ತಂದೆಯ ಹತ್ತಿರ ಬಂದಳು. ಒಂದನ್ನು ಅವನ ಕೈಗೆ ಕೊಟ್ಟು, ಎದುರಿನ ಕಲ್ಲಿನ ಮೇಲೆ ಕುಂತಳು.

"ಅಪ್ಪಾ, ಒಂದ ಕೇಳ್ತೇನಿ."

"ಕೇಳವಾ."

"ಅವ್ವ ಬಂದ ದಿನಾ, ಜೇನ ಇದ್ದವೇನು?"

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನಿಗೆ ಹಗುರಾಗುತ್ತಿತ್ತು. ಲೋಟದ ಬಿಸಿ ಬೆರಳು ಸುಡುತ್ತಿದ್ದರೂ ಅವನು ಹಿಡಿದೇ ಇದ್ದ. ಇಲ್ಲ ಎಂಬ ಎರಡಕ್ಷರ ಗಂಟಲ ತನಕ ಬಂದದ್ದು ಅವನಿಗೆ ಗೊತ್ತಾಯಿತು. ಆ ಎರಡಕ್ಷರದ ಹಿಂದೆ ಬಿಳಿ ಬೂಟು ಇತ್ತು, ಹಣೆಗೆ ಹಿಡಿದ ಅಂಗೈ ಇತ್ತು, ಮಗಳು ಇಷ್ಟು ವರ್ಷ ಕಂಡವರಿಗೆಲ್ಲ ಹೇಳಿ ನಗಿಸಿದ ಕಥೆ ಇತ್ತು. ಆ ಎರಡಕ್ಷರ ಹೊರಬರುವ ಮುಂಚೆ ಬಾಯಿ ತನ್ನ ಕೆಲಸ ಮಾಡಿಬಿಟ್ಟಿತು.

"ಇದ್ದವು, ಪದ್ದೂ. ಅವತ್ತ ಖರೇನ ಇದ್ದವು. ಒಂದ ನಿಮ್ಮವ್ವನ ಸೆರಗಿನ ಮ್ಯಾಲ ಕುಂತಿತ್ತು."

ಪದ್ಮಶ್ರೀ ತಲೆಯಾಡಿಸಿದಳು.

ಆ ತಲೆಯಾಡಿಸುವುದನ್ನು ನಾಗಲಿಂಗ ಬಲ್ಲ. ಸಾವಿರಾರು ಸಲ ಕಂಡದ್ದು. ಬಿಸಿಲಿಗೆ ಕಲ್ಲು ಕಾದಿರುತ್ತದೆ, ಬಾಟಲಿಯಲ್ಲಿ ನೀರು ಮುಗಿದಿರುತ್ತದೆ, ಮೇಲೆ ಜೇನು ಎಂದು ಗೈಡು ಹೇಳುತ್ತಾನೆ. ಅವರು ನಂಬುವುದೂ ಇಲ್ಲ, ಜಗಳಾಡುವುದೂ ಇಲ್ಲ. ಒಂದು ಸಲ ತಲೆಯಾಡಿಸಿ, ಗಾಡಿ ನಿಲ್ಲಿಸಿದ ಕಡೆ ತಿರುಗುತ್ತಾರೆ. ಅಂಥವರು ಮತ್ತೊಮ್ಮೆ ಬಾದಾಮಿಗೆ ಬಂದರೆ ಬೇರೆ ಗೈಡನ್ನು ಕೇಳುತ್ತಾರೆ.

"ಚಹಾ ಕುಡಿ, ಆರತೈತಿ," ಎಂದು ಅವಳು ಎದ್ದು, ಖಾಲಿ ಬಾಟಲಿ ತೆಗೆದುಕೊಂಡು ಝರಿಯ ಕಡೆ ಇಳಿದುಹೋದಳು.

ನಾಗಲಿಂಗ ಮತ್ತೆ ಬಡಗಣಕ್ಕೆ ನೋಡಿದ. ದಿಬ್ಬದ ಮೇಲೆ ಒಂದೂ ಇರಲಿಲ್ಲ.