ಒಳಕೋಣೆಯ ತಟ್ಟೆ

ಗುರುರಾಜ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಸೆಕ್ಷನ್ ಆಫೀಸರ್. ನಲವತ್ತಾರು ವರ್ಷಕ್ಕೇ ಆರ್.ಕೆ.ಪುರಂ ಕ್ವಾರ್ಟರ್ಸಿನ ಎರಡನೇ ಮಹಡಿ ಹತ್ತಲು ಮೂರು ಕಡೆ ನಿಲ್ಲುತ್ತಿದ್ದ. ಊಟಕ್ಕೆ ಕೂತರೆ ತುತ್ತು ಗಂಟಲಲ್ಲೇ ನಿಂತು ಕೆಮ್ಮು. ಹೆಂಡತಿ ರತ್ನಪ್ರಭಾ ಅದನ್ನು ಗಡಿಬಿಡಿಯ ಊಟ ಎಂದುಕೊಂಡಿದ್ದಳು.

2007ರ ಚಳಿಗಾಲದಲ್ಲಿ ನೋಯ್ಡಾದ ಪರಿಚಯಸ್ಥರ ಗೃಹಪ್ರವೇಶ. ನೆಲದ ಮೇಲೆ ಪಂಕ್ತಿ. ಹುಳಿಯನ್ನ ನುಂಗುವಾಗ ಕೆಮ್ಮು ಒತ್ತರಿಸಿ, ಗುರುರಾಜನ ಮೂಗಿನಿಂದ ಅಗುಳು ಎದುರಿನವರ ಎಲೆಗೆ ಸಿಡಿಯಿತು. ಏಳಲು ಹೋದರೆ ಕಾಲು ಸಹಕರಿಸಲಿಲ್ಲ. ತೊಡೆಗಳ ಮೇಲೆ ಕೈ ಊರಿ ತೂರಾಡಿದ.

"ಅಚ್ಛಾ, ಸಾಹೇಬರದ್ದು ಬೆಳಗ್ಗೇನೇ ಶುರುವಾ?" ಎಂದು ಯಾರೋ ನಕ್ಕರು.

ಅವರು ಕುಡಿಯುವವರಲ್ಲ ಎನ್ನಬೇಕಿದ್ದ ರತ್ನಪ್ರಭಾ, ಪಾತ್ರೆ ಎತ್ತುವ ನೆಪದಲ್ಲಿ ಅಡುಗೆಮನೆಗೆ ಹೋಗಿಬಿಟ್ಟಳು.

ಆಟೋದಲ್ಲಿ ಹೇಳಿದಳು: "ನಾಲ್ಕು ಜನರೆದುರು ಮಾನ ಹೋಯ್ತು. ಇನ್ಮೇಲೆ ಮನೆಗೆ ಯಾರಾದ್ರೂ ಬಂದ್ರೆ ನೀವು ಒಳಗೇ ಊಟ ಮಾಡಿ."

"ಆಗಲಿ," ಎಂದ.

ಯಾರೂ ಬರದ ದಿನವೂ ತಟ್ಟೆ ಹಿಡಿದು ಒಳಕೋಣೆಗೆ ಹೋಗತೊಡಗಿದ. ಅವಳು ಬೇಡವೆನ್ನಲಿಲ್ಲ. ಕೆಮ್ಮು ಕೇಳಿಸಿದರೆ ಟಿವಿಯ ಸದ್ದು ಹೆಚ್ಚಿಸುತ್ತಿದ್ದಳು.

ಆರು ತಿಂಗಳಿಗೆ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದ. ಅನ್ನ ಶ್ವಾಸಕೋಶಕ್ಕೆ ಇಳಿದಿತ್ತು. ಪರೀಕ್ಷೆಗಳಾದ ಮೇಲೆ ಡಾಕ್ಟರು ವಿವರಿಸಿದರು: ಪಾಂಪೆ ಎಂಬ ಅಪರೂಪದ ಕಾಯಿಲೆ, ಹುಟ್ಟಿನಿಂದಲೇ ಬಂದದ್ದು. ದೇಹ ಕೂಡಿಟ್ಟ ಸಕ್ಕರೆ ಒಡೆಯದೆ ಸ್ನಾಯುಗಳಲ್ಲಿ ತುಂಬುತ್ತದೆ. ಕಾಲಿನ ಬಲ ಹೋಗಿದೆ, ನಾಲಿಗೆಯದ್ದೂ.

"ಇವರ ಊಟಕ್ಕೆ ಎಷ್ಟು ಹೊತ್ತು ಬೇಕು? ಏನು ತಿಂದರೆ ಸಿಕ್ಕಿಕೊಳ್ಳುತ್ತೆ?" ಡಾಕ್ಟರು ಅವಳನ್ನೇ ಕೇಳಿದರು.

ಅವಳಿಗೆ ಗೊತ್ತಿರಲಿಲ್ಲ. ಮುಖ ಉರಿಯಿತು.

"ನಾನು ಒಬ್ಬನೇ ಕೂತು ತಿಂತೀನಿ ಡಾಕ್ಟ್ರೇ. ನನ್ನ ಅಭ್ಯಾಸ ಅದು," ಎಂದ ಗುರುರಾಜ, ಅವಳತ್ತ ನೋಡದೆ.

ಅವನು ಬೈದಿದ್ದರೆ ಅವಳು ತಡೆದುಕೊಳ್ಳಬಹುದಿತ್ತು.

ಒಡಹುಟ್ಟಿದವರಿಗೂ ಪರೀಕ್ಷೆ ಆಗಬೇಕೆಂದರು. ನಗರದ ಇನ್ನೊಂದು ತುದಿಯ ಪೀತಮ್‌ಪುರಾದಲ್ಲಿದ್ದ ನಾದಿನಿ ಧಾರಿಣಿಗೆ ರತ್ನಪ್ರಭಾ ತಾನೇ ಫೋನ್ ಮಾಡಿದಳು. ಗೃಹಪ್ರವೇಶ, ಒಳಕೋಣೆ, ಟಿವಿ ಏನನ್ನೂ ಮುಚ್ಚಿಡದೆ ಹೇಳಿ, ಬೈಗುಳಕ್ಕೆ ಕಾದಳು.

"ಅತ್ತಿಗೆ," ಧಾರಿಣಿಯ ದನಿ ಸಣ್ಣದಾಗಿತ್ತು. "ನನಗೂ ಕೆಳಗೆ ಕೂತರೆ ಏಳಕ್ಕಾಗಲ್ಲ. ಎರಡು ವರ್ಷ ಆಯ್ತು. ನಾಚಿಕೆಯಾಗಿ ಇವರಿಗೂ ಹೇಳಿಲ್ಲ."

"ನಾಳೆ ನಾನೇ ಬಂದು ಕರ್ಕೊಂಡು ಹೋಗ್ತೀನಿ. ಅಲ್ಲೀತನಕ ಮೆಟ್ಟಿಲು ಇಳೀಬೇಡ."

ವಾರ್ಡಿಗೆ ಮರಳುವಾಗ ಗಂಜಿ ಬಂದಿತ್ತು. ಅವಳನ್ನು ಕಂಡದ್ದೇ ಗುರುರಾಜ ಬಟ್ಟಲು ಹಿಡಿದು ಗೋಡೆಯ ಕಡೆ ಮುಖ ಮಾಡಿದ.

"ಈ ಕಡೆ ತಿರುಗ್ರಿ," ಎಂದಳು.

ಅವನು ತಿರುಗಲು ಬಹಳ ಹೊತ್ತಾಯಿತು.