ಲಂಗದ ಸಾಹೇಬನ ಮರಿಮಗ

ನಾನಪ್ಪನ ಹೆಜ್ಜೆಗೆ ಒಂದೇ ಅಳತೆ. ಇಪ್ಪತ್ತೆರಡು ವರ್ಷ ಹಳಿಯ ಬೆಣೆ ಬಿಗಿಮಾಡುವ ರೈಲ್ವೆಯ ಕೀಮ್ಯಾನ್ ಆಗಿ, ಹೆಗಲಿಗೆ ಸುತ್ತಿಗೆ ಏರಿಸಿಕೊಂಡು, ಕ್ಯಾಸಲ್‌ರಾಕಿನಿಂದ ಕುಳೆಂಗೆ ಇಳಿಯುವ ಘಟ್ಟದ ಹಳಿಗಳಡಿಯ ಅಡ್ಡತೊಲೆಗಳ ಮೇಲೆ, ಸ್ಲೀಪರಿನಿಂದ ಸ್ಲೀಪರಿಗೆ ಕಾಲಿಟ್ಟು ಬದುಕು ಸವೆಸಿದವನ ಪಾದಗಳು, ನಿವೃತ್ತಿಯ ನಂತರವೂ ಪಣಜಿಯ ಡಾಂಬರು ಬೀದಿಯಲ್ಲಿ ಇಲ್ಲದ ಸ್ಲೀಪರುಗಳನ್ನು ಹುಡುಕಿ ಹುಡುಕಿ ಊರುತ್ತಿದ್ದವು. ಹಿಂದಿನಿಂದ ಬಸ್ಸು ಹಾರ್ನ್ ಬಾರಿಸಿದರೆ ಆತ ಬೆಚ್ಚಿ ಓಡುತ್ತಿರಲಿಲ್ಲ. ಮೇಲ್ ಗಾಡಿಗೆ ದಾರಿ ಬಿಡುವವನ ಗಾಂಭೀರ್ಯದಿಂದ ಎರಡು ಹೆಜ್ಜೆ ಸರಿದು, ಎದೆ ಸೆಟೆಸಿ ನಿಂತು, ಬಸ್ಸು ಪೂರ್ತಿ ದಾಟಿದ ಮೇಲೆಯೇ ಮತ್ತೆ ಹಳಿಗೆ ಬರುತ್ತಿದ್ದ. ಕೈಗೆ ಸಿಕ್ಕಿದ್ದನ್ನೆಲ್ಲ ಎರಡು ಸಲ ತಟ್ಟಿ ಕಿವಿಗೊಟ್ಟು ಕೇಳುವುದು ಇನ್ನೊಂದು ಚಾಳಿ. ಬಾಗಿಲು, ಹಲಸಿನ ಹಣ್ಣು, ನೀರಿನ ಕೊಡ, ಒಮ್ಮೆ ತಲೆನೋವೆಂದು ಕೂತಿದ್ದ ನೆರೆಮನೆಯ ನನ್ನ ಹಣೆ ಕೂಡ. ಹಳಿಯ ಬೆಣೆ ಸಡಿಲಾದರೆ ಅದರ ದನಿಯೇ ಬೇರೆ, ಮನುಷ್ಯರದೂ ಅಷ್ಟೇ ಎಂಬುದು ಆತನ ಸಿದ್ಧಾಂತವಾಗಿತ್ತು.

ಇನ್ನು ಆ ಕೋಟು. ಮೇ ತಿಂಗಳಲ್ಲಿ ನಾಯಿಗಳು ಕೂಡ ದೋಣಿಗಳ ನೆರಳು ಬಿಟ್ಟು ಕದಲದ ಗೋವೆಯ ಸೆಕೆಯಲ್ಲಿ ನಾನಪ್ಪ ಮೊಳಕಾಲುದ್ದದ ಉಣ್ಣೆಯ ಕೋಟು ತೊಡುತ್ತಿದ್ದ. ಅದನ್ನು ಆತನ ಹೆಂಡತಿ ಥಾವರಿಬಾಯಿ ಅಂಜುನಾ ಕಡಲತೀರದ ಸಂತೆಯಲ್ಲಿ ಯಾವನೋ ಬಿಳಿಯ ಪ್ರವಾಸಿಗೆ ಕನ್ನಡಿ ಹೊಲಿದ ಚೀಲವೊಂದನ್ನು ಕೊಟ್ಟು ಪಡೆದಿದ್ದಳು. ಮಳೆಗಾಲದಲ್ಲಿ ಹೊದೆಯಲು ಆದೀತೆಂಬುದು ಆಕೆಯ ಲೆಕ್ಕಾಚಾರ. ಆದರೆ ಕೋಟಿನ ಎಡ ಎದೆಯ ಮೇಲೆ ನಾನಪ್ಪ ಒಂದು ಹಿತ್ತಾಳೆ ಗುಂಡಿಯನ್ನು ಹೊಲಿದುಕೊಂಡ ಕ್ಷಣದಿಂದ ಅದು ಹೊದಿಕೆಯ ದರ್ಜೆಯಿಂದ ಸಮವಸ್ತ್ರದ ದರ್ಜೆಗೆ ಏರಿತು. ರೂಪಾಯಿಯಗಲದ ಆ ಗುಂಡಿಗೆ ಎರಡು ತೂತು, ನಡುವೆ ಇಂಗ್ಲಿಷಿನಲ್ಲಿ ೨೧೨ ಎಂಬ ಅಂಕೆ. ಅದು ಆತನ ಮುತ್ತಜ್ಜಿಯ ಕಾಂಚಳಿಯಲ್ಲಿ, ಕವಡೆ ಕನ್ನಡಿಗಳ ನಡುವೆ, ನೂರು ವರ್ಷ ಹೊಲಿದಿಟ್ಟಿದ್ದ ಗುಂಡಿ. ಲಂಬಾಣಿ ಹೆಂಗಸರು ಹೊಳೆಯುವುದೇನು ಸಿಕ್ಕರೂ ಕುಪ್ಪಸಕ್ಕೆ ಹೊಲಿದುಕೊಳ್ಳುತ್ತಾರೆ ಎಂಬುದು ನಾನಪ್ಪನಿಗೆ ಗೊತ್ತಿಲ್ಲದ್ದಲ್ಲ. ಆದರೆ ಈ ಗುಂಡಿ ಮಾತ್ರ ಸಾಹೇಬನ ಅಂಗಿಯದು, ಆತ ಪ್ರೀತಿಯಿಂದ ಕಿತ್ತುಕೊಟ್ಟದ್ದು, ೨೧೨ ಎಂಬುದು ಕಂಪನಿಯಲ್ಲಿ ಆತನ ನಂಬರು ಎಂದು ನಾನಪ್ಪ ಎಂದೋ ತೀರ್ಮಾನಿಸಿಬಿಟ್ಟಿದ್ದ. ಮುಟ್ಟಲು ಯಾರಿಗೂ ಬಿಡುತ್ತಿರಲಿಲ್ಲ.

ಸಾಹೇಬನೆಂದರೆ ಲಂಗದ ಸಾಹೇಬ. ಘಟ್ಟದಲ್ಲಿ ಮೊದಲ ಹಳಿ ಹಾಸುವ ಕಾಲಕ್ಕೆ ವಿಜಾಪುರದ ಕಡೆಯ ಒಂದು ಲಂಬಾಣಿ ತಾಂಡಾ ತನ್ನ ಹೇರೆತ್ತುಗಳೊಡನೆ ಕಲ್ಲು, ಸುಣ್ಣ, ನೀರು ಹೊರಲು ಮೊಲೆಂ ಕಾಡಿಗೆ ಬಂದಿತ್ತು. ಅವರ ಮೇಲಿನ ಓವರ್‌ಸೀಯರು ವರ್ಷಕ್ಕೊಂದು ಚಳಿಗಾಲದ ದಿನ ಚೌಕುಳಿಯ ಲಂಗ ಉಟ್ಟು, ಚರ್ಮದ ಚೀಲವೊಂದನ್ನು ಕಂಕುಳಲ್ಲಿ ಅವುಚಿ ಊದುತ್ತಿದ್ದನಂತೆ. ಗಂಡಸು ಲಂಗ ಉಟ್ಟದ್ದನ್ನು ತಾಂಡಾ ಅದೇ ಮೊದಲು ಕಂಡದ್ದು. ಚೀಲದೊಳಗೆ ಜೀವಂತ ಹೋತವಿದೆ ಎಂದೇ ಮಕ್ಕಳು ನಂಬಿದ್ದರು. ಆ ಸಾಹೇಬನಿಂದ ತಾಂಡಾದ ಒಬ್ಬ ಹುಡುಗಿಗೆ ಹುಟ್ಟಿದವನು ನಾನಪ್ಪನ ಅಜ್ಜ ಭೂರಪ್ಪ. ಬೂದಿಗಣ್ಣು, ಕಂದುಗೂದಲು. ಮೊಮ್ಮಗನಿಗೆ ಕಣ್ಣು ಮಾತ್ರ ಬಂದಿತ್ತು.

ಈ ಸಾಹೇಬನ ಕುಲಗೋತ್ರ ಪತ್ತೆಯಾದದ್ದು ೧೯೮೪ರಲ್ಲಿ, ನಾನಪ್ಪನ ನಿವೃತ್ತಿಯ ದಿನ, ಒಂದು ಹೆಂಡದಂಗಡಿಯಲ್ಲಿ. ಕುಳೆಂ ಸ್ಟೇಷನ್ನಿನ ಮಾಜಿ ಟಿಕೆಟ್ ಕ್ಲಾರ್ಕ್ ಕಾಯ್ತಾನ್ ಸ್ನೇಹಿತನ ಗೌರವಾರ್ಥ ವಿಸ್ಕಿ ತರಿಸಿದ್ದ. ಬಾಟಲಿಯ ಚೀಟಿಯ ಮೇಲೆ ಲಂಗ ಉಟ್ಟು ಚೀಲ ಊದುವ ಗಂಡಸಿನ ಚಿತ್ರವಿತ್ತು. ನಾನಪ್ಪ ಬಾಟಲಿಯನ್ನು ಎರಡು ಸಲ ತಟ್ಟಿದ.

“ನಮ್ಮ ಮುತ್ಯಾರಿ ಇಂವ!”

“ಕಿತೆಂ ರೇ, ಏನಾಯ್ತು ನಾನಾ, ಇನ್ನೂ ಒಂದು ಪೆಗ್ ಆಗಿಲ್ಲ,” ಎಂದ ಕಾಯ್ತಾನ್. “ಅದು ಸ್ಕಾಟ್ಲೆಂಡ್‌ದು ಮನುಷ್ಯ.”

ಅಂದಿನಿಂದ ನಾನಪ್ಪ ಸ್ಕಾಟ್ಲೆಂಡಿನವನಾದ. ಪಣಜಿ ಬಳಿಯ ಚಿಂಬಲ್‌ನ ಆತನ ತಗಡಿನ ಮನೆಯಲ್ಲಿ ಆ ಚೀಟಿಗೆ ದೇವರ ಪಟದ ಪಕ್ಕ ಜಾಗ ಸಿಕ್ಕಿತು. ಕಲಂಗುಟಿನ ಮರಳಿನಲ್ಲಿ ಹೆಂಡತಿ ಶಾಲು ಹರವಿ ಗಿರಾಕಿ ಕರೆಯುತ್ತಿದ್ದರೆ, ಈತ ಕೋಟು ತೊಟ್ಟು ಬಂದು, ಬಿಸಿಲಿಗೆ ಮೈಯೊಡ್ಡಿ ಮಲಗಿದ ಪ್ರವಾಸಿಗಳನ್ನು ಒಬ್ಬೊಬ್ಬರನ್ನಾಗಿ “ಸ್ಕಾಟ್ಲೆಂಡ್?” ಎಂದು ವಿಚಾರಿಸುತ್ತಿದ್ದ. ಅಲ್ಲ ಎಂದವರ ಬಗ್ಗೆ ಆತನಿಗೆ ಕನಿಕರ.

“ಏನ್ರಿ ಸಾಯಬ್ರ,” ಎನ್ನುತ್ತಿದ್ದಳು ಥಾವರಿಬಾಯಿ, “ನಿಮ್ಮ ಬೀಗರು ಯಾರರ ಸಿಕ್ಕರ ಎರಡು ಶಾಲು ತಗೊಳಾಕ ಹೇಳ್ರಿ. ಬರೇ ಕಣ್ಣು ಕೊಟ್ಟು ಹೋಗ್ಯಾರ, ಮತ್ತೇನೂ ಕೊಟ್ಟಿಲ್ಲ.”

ನಾವೆಲ್ಲ ನಗುತ್ತಿದ್ದೆವು. ನಗುವುದು ಸುಲಭವಿತ್ತು, ಆತನ ಮನಸ್ಸಿನಲ್ಲಿದ್ದದ್ದು ಗೊತ್ತಾಗುವವರೆಗೆ.

ಲಂಬಾಣಿಗಳ ವಂಶಾವಳಿ ಇರುವುದು ಕಾಗದದಲ್ಲಲ್ಲ, ಢಾಡಿಯ ನಾಲಿಗೆಯಲ್ಲಿ. ಸುಗ್ಗಿ ಮುಗಿದ ಮೇಲೆ ಢಾಡಿ ತಾಂಡಾಕ್ಕೆ ಬಂದು, ಮನೆ ಮನೆಯ ಮುಂದೆ ಕೂತು, ಇಂಥವನ ಮಗ ಇಂಥವನು, ಅವನ ಮಗ ಇಂಥವನು ಎಂದು ಏಳು ತಲೆ ಎತ್ತಿ ಹಾಡುತ್ತಾನೆ. ಭೂರಪ್ಪನ ಮನೆಯ ಮುಂದೆ ಮಾತ್ರ ಹಾಡು ಭೂರಪ್ಪನಿಂದಲೇ ಶುರು. ಅವನ ಅಪ್ಪನ ಹೆಸರಿರಬೇಕಾದಲ್ಲಿ ಢಾಡಿ ವಾದ್ಯವನ್ನು ಒಂದು ಸಲ ಮೀಟಿ ಸುಮ್ಮನಾಗುತ್ತಿದ್ದ. ಆ ಒಂದು ಮೀಟಿನ ಹೊತ್ತಿಗೆ ಸರಿಯಾಗಿ ಭೂರಪ್ಪ ಪ್ರತಿವರ್ಷವೂ ಎದ್ದು, “ಎತ್ತಿಗೆ ನೀರು ತೋರಿಸಿ ಬರ್ತೀನಿ,” ಎಂದು ಹೊರಟುಬಿಡುತ್ತಿದ್ದನಂತೆ. ಎತ್ತುಗಳು ಆಗಷ್ಟೇ ನೀರು ಕುಡಿದಿರುತ್ತಿದ್ದವು. ಏಳು ವರ್ಷದ ನಾನಪ್ಪ ಇದನ್ನು ನೋಡಿದ್ದ. ಐವತ್ತೆಂಟರ ನಾನಪ್ಪ ಅದನ್ನು ಸರಿಪಡಿಸಲು ಹೊರಟಿದ್ದ.

ಈಗಿನ ಢಾಡಿ ಹೇಮಲಪ್ಪ ಕಟ್ಟುನಿಟ್ಟಿನ ಮನುಷ್ಯ. “ಹೆಸರು ತಗೊಂಡ ಬಾ. ಮದಿವಿ ಆಗಿದ್ದ ಗುರುತು ತಗೊಂಡ ಬಾ. ಹಾಡಾಕ ನನಗೇನ ಬ್ಯಾಸರಿಲ್ಲ. ಆದರ ಇಟಗೊಂಡಾಕಿ ಮಗನ್ನ ಏಳು ತಲಿಯೊಳಗ ಹೆಂಗ ಕೂಡಿಸಲಿ?” ಎಂದಿದ್ದ.

ಅಲ್ಲಿಂದ ಹತ್ತು ವರ್ಷಗಳ ಶೋಧ. ಮೊದಲು ಆಂಗ್ಲರ ಹಳೆಯ ಗೋರಿಗಳು. ಓದು ಬಾರದ ನಾನಪ್ಪ ಕುಡುಗೋಲು ಹಿಡಿದು ಹೋಗಿ, ಕಾಡು ನುಂಗಿದ್ದ ಮೂವತ್ತು ಕಲ್ಲುಗಳ ಕೂದಲು ಕತ್ತರಿಸಿ, ಒಂದೊಂದನ್ನೂ ಎರಡೆರಡು ಸಲ ತಟ್ಟಿ ಕೇಳಿ, ಅಕ್ಷರಗಳನ್ನು ರಂಗೋಲಿಯಂತೆ ಬಿಡಿಸಿ ತಂದ. ಕಾಯ್ತಾನ್‌ನ ಮುಂದೆ ಹರವಿ, ಮೇಲಿನ ಸಾಲನ್ನು ಬೆರಳಿನಿಂದ ತೋರಿಸಿ, “ಇಂವ ಭಾಳ ದೊಡ್ಡ ಮನಿಶಾ ಇರಬೇಕ್ರಿ, ಎಲ್ಲಾ ಕಲ್ಲಿನ ಮ್ಯಾಲೂ ಇವಂದ ಹೆಸರು. ಇಂವನ ನಮ್ಮ ಮುತ್ಯಾ,” ಎಂದ. ಕಾಯ್ತಾನ್ ಕನ್ನಡಕ ಏರಿಸಿ ಓದಿದ. ಮೂವತ್ತೂ ಕಲ್ಲುಗಳ ಮೇಲಿದ್ದದ್ದು “ಪವಿತ್ರ ಸ್ಮರಣೆಗಾಗಿ” ಎಂಬ ಒಂದೇ ಮಾತು.

ಐದನೆಯ ವರ್ಷಕ್ಕೆ ಹೆಸರು ಸಿಕ್ಕಿತು, ಅದೂ ಒಂದು ದೂರಿನ ರೂಪದಲ್ಲಿ. ಘಟ್ಟದ ಕೆಳಗಿನ ಇಗರ್ಜಿಯ ಹಳೆಯ ಕಡತದಲ್ಲಿ ಅಂದಿನ ಪಾದ್ರಿಯೊಬ್ಬ ಪೋರ್ತುಗೀಸಿನಲ್ಲಿ ಸರಕಾರಕ್ಕೆ ಬರೆದಿದ್ದ: ಡಂಕನ್ ರಟ್ರೇ ಎಂಬ ಓವರ್‌ಸೀಯರು ನವೆಂಬರ್ ಕೊನೆಯ ದಿನ ಹೆಂಗಸಿನ ಉಡುಪಿನಲ್ಲಿ ಚರ್ಮದ ಚೀಲ ಊದಿ ಪ್ರಾರ್ಥನೆಗೆ ಭಂಗ ತಂದಿದ್ದಾನೆ. ಕಾಯ್ತಾನ್ ಓದಿ ಹೇಳಿದಾಗ ನಾನಪ್ಪ ಕೋಟಿನ ಗುಂಡಿ ತಟ್ಟಿ ಅತ್ತನಂತೆ. ತನ್ನ ಮುತ್ತಜ್ಜನ ಮೇಲೆ ಸರಕಾರಕ್ಕೆ ದೂರು ಹೋಗಿತ್ತೆಂಬುದನ್ನು ಆತ ಚಿಂಬಲ್‌ನ ಇಡೀ ಓಣಿಗೆ ಮೆಡಲು ಬಂದವನಂತೆ ಸಾರಿದ. ಆದರೆ ಮದುವೆ? ಇಗರ್ಜಿಯ ಮದುವೆ ಪುಸ್ತಕಗಳಲ್ಲಿ ರಟ್ರೇ ಇರಲಿಲ್ಲ. ಪಣಜಿಯ ದಫ್ತರದಲ್ಲಿ ಗುಮಾಸ್ತರು ಈ ಕೋಟಿನ ಮುದುಕನನ್ನು ಕಂಡರೆ ಊಟಕ್ಕೆ ಹೊರಡುತ್ತಿದ್ದರು, ಬೆಳಗಿನ ಹತ್ತೂವರೆಯಾಗಿದ್ದರೂ.

೧೯೯೪ರಲ್ಲಿ ಬ್ರಾಡ್‌ಗೇಜಿನ ಕೆಲಸ ಬಂತು. ಕುಳೆಂ ಕಡೆಯ ಹಳೆಯ ಗೋದಾಮೊಂದನ್ನು ಕೆಡವುವಾಗ ಅಟ್ಟದಿಂದ ರಿಜಿಸ್ಟರುಗಳು ಬಿದ್ದವೆಂದು ಹಳೆಯ ಗ್ಯಾಂಗಿನ ಗಂಗಪ್ಪ ಹೇಳಿ ಕಳಿಸಿದ. ಗೆದ್ದಲು ಬಿಟ್ಟುಕೊಟ್ಟ ಒಂದೇ ಒಂದು ಪುಸ್ತಕವನ್ನು ನಾನಪ್ಪ ಕೋಟಿನೊಳಗೆ ಹಸುಗೂಸಿನಂತೆ ಅವುಚಿಕೊಂಡು ಕೊರ್ಲಿಮ್‌ನ ಕಾಯ್ತಾನ್ ಮನೆಯ ಜಗಲಿಗೆ ತಂದ. ನಡುಮಧ್ಯಾಹ್ನ. ಕಾಯ್ತಾನ್ ಓದತೊಡಗಿದ. ಮೊದಲ ಪುಟಗಳೆಲ್ಲ ಎತ್ತುಗಳು. ಎತ್ತು ನಲವತ್ತೊಂದು: ಕಂದು, ಎಡಗೊಂಬು ಮುರಿದಿದೆ. ನಲವತ್ತೆರಡು: ಬಿಳಿ, ಹಣೆಯಲ್ಲಿ ಚುಕ್ಕೆ, ಸಾಧು. ನಲವತ್ತಮೂರು: ಹಾಯುತ್ತದೆ, ಎಚ್ಚರ. ಪ್ರತಿಯೊಂದು ಎತ್ತಿನ ರೂಪ, ಗುಣ, ಸ್ವಭಾವಗಳನ್ನು ಯಾರೋ ಮುತ್ತಿನಂಥ ಅಕ್ಷರದಲ್ಲಿ ಬರೆದಿಟ್ಟಿದ್ದರು.

“ಎತ್ತು ಸಾಕ್ರಿ, ಮನಿಶಾರು ಎಲ್ಲೆದಾರ?”

ಮನುಷ್ಯರು ಹಿಂದಿನ ಪುಟಗಳಲ್ಲಿದ್ದರು. ಹೆಸರಿರಲಿಲ್ಲ, ಬಿಲ್ಲೆಯ ನಂಬರು, ಜಾತಿ, ಕೆಲಸ, ಷರಾ. ಕೂಲಿಗೆ ಬಂದವರಿಗೆ ಕಂಪನಿ ಕೊಟ್ಟ ಹಿತ್ತಾಳೆ ಬಿಲ್ಲೆಯ ನಂಬರು. ಕಾಯ್ತಾನ್‌ನ ಬೆರಳು ಇಳಿಯುತ್ತ ಬಂದು ಒಂದು ಕಡೆ ನಿಂತಿತು. ಆತ ತಲೆಯೆತ್ತಿ ನಾನಪ್ಪನ ಎದೆಯನ್ನು ನೋಡಿದ.

“ನಾನಾ, ಅದು ಗುಂಡಿ ಅಲ್ಲ ರೇ.”

“ಮತ್ತ?”

“ಬಿಲ್ಲೆ. ಸಾಹೇಬಂದು ಅಲ್ಲ. ಇಲ್ಲಿ ಅದೆ ನೋಡು, ಇನ್ನೂರ ಹನ್ನೆರಡು. ಲಂಬಾಣಿ ಹೆಂಗಸು. ನೀರು ಹೊರೋ ಕೆಲಸ.”

“ಸಾಯಬ ಎಲ್ಲದಾನ?”

“ಅವನೂ ಅದಾನೆ. ಕೊನೇ ಖಾನೆಯಲ್ಲಿ.”

“ಓದ್ರಿ.”

“ಬೇಡ ಬಿಡು ನಾನಾ.”

ನಾನಪ್ಪ ಮೇಜನ್ನು ಎರಡು ಸಲ ತಟ್ಟಿದ. ಕಾಯ್ತಾನ್ ಓದಿದ. “‘ಬಸುರಿ. ಕೆಲಸದಿಂದ ತೆಗೆದಿದೆ.’ ಕೆಳಗೆ ಸಹಿ. ಡಂಕನ್ ರಟ್ರೇ.”

ನಾನಪ್ಪ ಕೋಟಿನ ತೋಳಿನಿಂದ ಆ ಪುಟದ ಧೂಳು ಒರೆಸಿ, “ಸಹಿ ಖರೇ ಐತೇನ್ರಿ?” ಎಂದ.

“ಖರೇನೇ.”

“ಇಬ್ಬರೂ ಒಂದ ಸಾಲಿನ್ಯಾಗ ಅದಾರಲ್ರಿ?”

“ಅದಾರೆ.”

“ಅಷ್ಟ ಸಾಕು,” ಎಂದು ಆ ಹಾಳೆಯನ್ನು ಬ್ಲೇಡಿನಿಂದ ಹುಷಾರಾಗಿ ಕೊಯ್ದು ತೆಗೆದುಕೊಂಡ.

ಮುಂದಿನದನ್ನು ನನಗೆ ಹೇಳಿದವಳು ಥಾವರಿಬಾಯಿ. ಆ ಸುಗ್ಗಿಗೆ ಗಂಡಹೆಂಡಿರು ತಾಂಡಾಕ್ಕೆ ಹೋದರು. ಜನವೆಲ್ಲ ನೆರೆದಾಗ ನಾನಪ್ಪ ಹಾಳೆಯನ್ನು ಹೇಮಲಪ್ಪನ ಮುಂದೆ ಬಿಚ್ಚಿಟ್ಟು, “ಇದರಾಗ ಇಬ್ಬರೂ ಅದಾರ. ಇದು ಸಾಯಬನ ಸಹಿ,” ಎಂದ. ಒಂದಕ್ಷರವೂ ಸುಳ್ಳಲ್ಲ. ಓದು ಬಾರದ ಢಾಡಿ ಹಾಳೆಯನ್ನು ಹಣೆಗೆ ಒತ್ತಿಕೊಂಡು, ವಾದ್ಯ ಎತ್ತಿ ಹಾಡಿಯೇಬಿಟ್ಟ: ರಟ್ರೇ ಸಾಹೇಬನ ಮಗ ಭೂರ್ಯಾ, ಭೂರ್ಯಾನ ಮಗ ಕೇಶ್ಯಾ, ಕೇಶ್ಯಾನ ಮಗ ನಾನ್ಯಾ. ತಾಂಡಾ ಶಿಳ್ಳೆ ಹೊಡೆಯಿತು. ನೂರು ವರ್ಷದ ಮೌನ ತುಂಬಿತು. ಕೋಟಿನೊಳಗೆ ಬೆವರುತ್ತ ನಾನಪ್ಪ ಮದುಮಗನಂತೆ ಕೂತಿದ್ದ.

ಆಗ ಥಾವರಿಬಾಯಿ, ಕುಹಕಕ್ಕಲ್ಲ, ನಿಜವಾಗಿಯೂ ತಿಳಿಯಲೆಂದು, ಕೇಳಿದಳು: “ಅಲ್ರಿ, ಭೂರ್ಯಾನ ಅವ್ವ, ಆ ಮುದುಕಿ ಹೆಸರೇನಿತ್ತು?”

ಹೇಮಲಪ್ಪ ನಾನಪ್ಪನನ್ನು ನೋಡಿದ. ಹೆಂಗಸರ ಹೆಸರು ಅವನ ಹಾಡಿನಲ್ಲಿ ಯಾವತ್ತೂ ಇರಲಿಲ್ಲ. ನಾನಪ್ಪ ಹಾಳೆಯನ್ನು ನೋಡಿದ. ನಲವತ್ತೆರಡನೆಯ ಎತ್ತು ಸಾಧು ಎಂಬುದು ಅವನಿಗೆ ಗೊತ್ತಿತ್ತು. ಎದೆಯ ಮೇಲಿನ ಬಿಲ್ಲೆಯನ್ನು ತಟ್ಟಿದ, ಒಂದು ಸಲ, ಮತ್ತೊಂದು ಸಲ, ಕಿವಿಗೊಟ್ಟು ಕಾದ. ಆಮೇಲೆ ಮೆಲ್ಲಗೆ ಎದ್ದ.

“ಎತ್ತಿಗೆ ನೀರು ತೋರಿಸಿ ಬರ್ತೀನಿ,” ಎಂದು ಸ್ಲೀಪರಿನಳತೆಯ ಹೆಜ್ಜೆಯಿಡುತ್ತ ಹೊರಟುಹೋದ. ಆ ಮನೆಯಲ್ಲಿ ಎತ್ತಿಲ್ಲದೆ ಇಪ್ಪತ್ತು ವರ್ಷವಾಗಿತ್ತು.

ಪೂರ್ವಜರನ್ನು ಅರಸಿ ಹೊರಡುವವರನ್ನು ಆಮೇಲೆಯೂ ನಾನು ಕಂಡಿದ್ದೇನೆ. ಅವರಲ್ಲಿ ಕಲಿತವರಿದ್ದರು, ಕೋಟು ತೊಡದವರೂ ಇದ್ದರು. ಎಲ್ಲರೂ ಹುಡುಕುವುದು ಸಹಿ ಮಾಡಿದ ಕೈಯನ್ನು. ಅದು ಸಿಗುತ್ತದೆ ಕೂಡ, ಏಕೆಂದರೆ ಕಾಗದವೆಲ್ಲ ಅದರದೇ. ನೀರು ಹೊತ್ತವಳು ಅವರ ಎದೆಯ ಮೇಲೆಯೇ ಹೊಳೆಯುತ್ತಿರುತ್ತಾಳೆ, ಅವಳನ್ನು ಅವರು ಗುಂಡಿ ಎಂದುಕೊಂಡಿರುತ್ತಾರೆ. ಗೊತ್ತಾದ ದಿನ ಅವರಿಗೆ ಉಳಿಯುವುದು ಎದ್ದು ಹೋಗಲು ಒಂದು ನೆಪ ಮಾತ್ರ.